ನಿಂತ ಕಾರಿಗೆ ಗುದ್ದಿದರೆ ದುಡ್ಡು ಯಾರ ಜೇಬಿನಿಂದ?

ಶ್ರಾವಣ ಶನಿವಾರ. ಪಾವಗಡದ ಶನಿಮಹಾತ್ಮನ ದರ್ಶನ ಮುಗಿಸಿ, ಕೈಯಲ್ಲಿ ಪ್ರಸಾದ ಹಿಡಿದು ಬಂದು ನೋಡುತ್ತೀರಿ: ಕಾರಿನ ಹಿಂದಿನ ಬಂಪರ್ ಒಳಗೆ ಹೋಗಿದೆ. ಶುಕ್ರವಾರವಾದರೆ ಇದು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಲ್ಲಿ ಆಗುತ್ತದೆ, ಭಾನುವಾರವಾದರೆ ಮಧುಗಿರಿ ಬೆಟ್ಟದ ಬುಡದಲ್ಲಿ. ಶಿರಾದ ಹೆದ್ದಾರಿ ಹೋಟೆಲುಗಳ ಮುಂದೆ ಆಗಲು ವಾರ ತಿಥಿ ಬೇಕಿಲ್ಲ. ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಇಂಥ ಗುದ್ದಿಗೆ ಅರ್ಧ ಗಂಟೆ ಜಗಳವಾಡಿ, ಕೊನೆಗೆ ‘ಹೋಗ್ಲಿ ಬಿಡಿ’ ಎಂದು ಸ್ವಂತ ದುಡ್ಡಲ್ಲಿ ಟಿಂಕರಿಂಗ್ ಮಾಡಿಸಿಕೊಂಡವರೇ ಹೆಚ್ಚು. ಜಗಳ ಬಿಟ್ಟು ದುಡ್ಡಿನ ಕಡೆ ಗಮನ ಕೊಡುವವರಿಗೆ ಈ ಸೂತ್ರಗಳು.

1. ಕಾರು ತೆಗೆಯುವ ಮೊದಲು ಫೋನ್ ತೆಗೆಯಿರಿ.
ಕೊರಟಗೆರೆಯ ಕಡೆ ಒಂದು ಮದುವೆಯ ಊಟ ಮುಗಿಸಿ ಹೊರಗೆ ಬಂದಾಗ, ಛತ್ರದ ಮೈದಾನದಲ್ಲಿ ರಿವರ್ಸ್ ತೆಗೆಯುತ್ತಿದ್ದ ಬಿಳಿ ಬೊಲೆರೊ ನನ್ನ ಕಾರಿಗೆ ತಾಗಿಸಿಕೊಂಡು ನಿಂತಿತ್ತು. ‘ಈ ಗೀರು ಮೊದಲೇ ಇತ್ತಲ್ಲಣ್ಣಾ’ ಎಂದರು ಓಡಿಸುತ್ತಿದ್ದವರು. ನನ್ನದು ನೀಲಿ ಕಾರು. ಬಂಪರ್ ಮೇಲೆ ಹೆಬ್ಬೆರಳಗಲದ ಬಿಳಿ ಬಣ್ಣ ಉಜ್ಜಿಕೊಂಡಿತ್ತು, ಅವರ ಬಂಪರಿನ ಮೂಲೆಯಲ್ಲಿ ಅಷ್ಟೇ ಅಗಲದ ನೀಲಿ. ಎರಡೂ ನೆಲದಿಂದ ಮೊಣಕಾಲೆತ್ತರಕ್ಕೆ. ಎರಡನ್ನೂ ಒಂದೇ ಫೋಟೋದಲ್ಲಿ ಹಿಡಿದು ತೋರಿಸಿದ ಮೇಲೆ ಮಾತು ಬದಲಾಯಿತು.

ಹಾಗಾಗಿ ಎರಡೂ ನಂಬರ್ ಪ್ಲೇಟು ಕಾಣುವಂತೆ ಒಂದು ಫೋಟೋ, ಗೀರಿನದು ಹತ್ತಿರದಿಂದ ಒಂದು, ನೆಲಕ್ಕೆ ಬಿದ್ದ ಲೈಟಿನ ಚೂರಿನದು ಒಂದು, ಸುತ್ತಲಿನ ಬೋರ್ಡೋ ಕಮಾನೋ ಸೇರುವಂತೆ ದೂರದಿಂದ ಇನ್ನೊಂದು. ಗಾಡಿಗಳನ್ನು ಪಕ್ಕಕ್ಕೆ ಹಾಕಿದ ಮೇಲೆ ತೆಗೆದ ಫೋಟೋಗೆ ಅರ್ಧ ಬೆಲೆಯೂ ಇಲ್ಲ. ಎದುರಿಗೆ ಎಳನೀರು ಮಾರುವವರು ನೋಡಿದ್ದರೆ ಅವರ ಫೋನ್ ನಂಬರ್ ಕೇಳಿಟ್ಟುಕೊಳ್ಳಿ.

2. ಗುದ್ದಿದವರು ಹೊರಟುಹೋಗಿದ್ದರೆ ಕ್ಯಾಮೆರಾ ಹುಡುಕಿ, ಅವತ್ತೇ.
ಅಂಗಡಿ, ಛತ್ರ, ಹೋಟೆಲುಗಳ ಸಿಸಿಟಿವಿಯಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಿರುತ್ತದೆ. ‘ಮುಂದಿನ ವಾರ ಬಂದು ಕೇಳ್ತೀನಿ’ ಎಂದರೆ ಏನೂ ಉಳಿದಿರುವುದಿಲ್ಲ.

3. ನಂಬರ್ ಪ್ಲೇಟಿನ ರಾಜ್ಯ ನೋಡಿ ಹೆದರಬೇಡಿ.
ಮಧುಗಿರಿಯ ಗಾಡಿ ಕೆಎ 64, ತುಮಕೂರಿನದು ಕೆಎ 06. ಆದರೆ ಪಾವಗಡದಲ್ಲಿ ಮೂರು ದಿಕ್ಕಿಗೂ ಆಂಧ್ರ. ಮಡಕಶಿರಾ, ಹಿಂದೂಪುರದ ಎಪಿ ಗಾಡಿಗಳು ನಮ್ಮ ಜಾತ್ರೆ, ಸಂತೆಗಳಲ್ಲಿ ನಮ್ಮ ಗಾಡಿಗಳಷ್ಟೇ ಇರುತ್ತವೆ. ಮಾತುಕತೆ ಅರ್ಧ ತೆಲುಗಿನಲ್ಲಿ ನಡೆದೀತು, ವಿಮೆಗೆ ಮಾತ್ರ ಗಡಿ ಇಲ್ಲ. ಪಾಲಿಸಿ ದೇಶಕ್ಕೆಲ್ಲ ಒಂದೇ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಆ ಗಾಡಿಯ ವಿಮೆ ಚಾಲ್ತಿಯಲ್ಲಿದೆಯೋ ಇಲ್ಲವೋ ನಿಂತಲ್ಲೇ ಗೊತ್ತಾಗುತ್ತದೆ.

4. ಸ್ಥಳದಲ್ಲೇ ರೇಟು ಕಟ್ಟಬೇಡಿ.
ಈಗಿನ ಬಂಪರುಗಳು ಪ್ಲಾಸ್ಟಿಕ್ಕಿನವು. ಗುದ್ದಿದಾಗ ಒಳಗೆ ಹೋಗಿ ಮತ್ತೆ ಉಬ್ಬಿಕೊಂಡು ಬರುತ್ತವೆ, ಒಳಗಿನ ಕ್ಲಿಪ್ಪು, ಬ್ರ್ಯಾಕೆಟ್ಟು ಮುರಿದಿರುತ್ತವೆ. ರಿವರ್ಸ್ ಸೆನ್ಸರ್ ಇದ್ದರೆ ಅದನ್ನೂ ನೋಡಬೇಕು. ‘ಐನೂರು ತಗೊಳಿ ಸಾರ್’ ಎಂದವರಿಗೆ ‘ಮೊದಲು ಗ್ಯಾರೇಜಿನವರು ಬಿಚ್ಚಿ ನೋಡಲಿ’ ಎನ್ನಿ. ಬರವಣಿಗೆಯ ಎಸ್ಟಿಮೇಟ್ ಕೈಗೆ ಬಂದ ಮೇಲೆ ಲೆಕ್ಕದ ಮಾತು.

5. ನಿಮ್ಮ ವಿಮೆಯ ಮೇಲೆ ಕ್ಲೇಮ್ ಹಾಕುವ ಮುನ್ನ ಕಾಗದ, ಪೆನ್ನು ಹಿಡಿಯಿರಿ.
ಹೆಚ್ಚಿನವರು ಎಡವುವುದು ಇಲ್ಲಿ. ಮಾತಿಗೆ ಬಂಪರ್ 2,400, ಪೇಂಟಿಂಗ್ 2,400, ಕೂಲಿ 700, ಒಟ್ಟು 5,500 ರೂಪಾಯಿ ಬಿಲ್ ಎಂದಿಟ್ಟುಕೊಳ್ಳಿ. ಝೀರೋ ಡೆಪ್ (ಸವಕಳಿ ಮುರಿಯದ ರಕ್ಷಣೆ) ಇಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಕಡಿತ, ಬಂಪರಿಗೆ ಸಿಗುವುದು 1,200. ಪೇಂಟಿಂಗ್ ಬಿಲ್ಲಿನ ಶೇ. 25ರಷ್ಟನ್ನು ಬಣ್ಣದ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಮುರಿಯುತ್ತಾರೆ, ಅಲ್ಲಿಗೆ 2,100. ಕೂಲಿ ಸೇರಿ 4,000. ಅದರಲ್ಲಿ 1,500 ಸಿಸಿ ಒಳಗಿನ ಕಾರಿಗೆ ನೀವೇ ಭರಿಸಬೇಕಾದ ಕಡ್ಡಾಯ ಪಾಲು 1,000. ಕೈಗೆ ಬಂದದ್ದು 3,000.

ಹೋದದ್ದೆಷ್ಟು? ಐದು ವರ್ಷ ಕ್ಲೇಮ್ ಇಲ್ಲದೆ ಶೇ. 50ರ ನೋ ಕ್ಲೇಮ್ ಬೋನಸ್ ಗಳಿಸಿದ್ದೀರಿ, ಸ್ವಂತ ಹಾನಿಯ ಪ್ರೀಮಿಯಂ 7,000 ಇದ್ದದ್ದು ನಿಮಗೆ 3,500ಕ್ಕೆ ಸಿಗುತ್ತಿದೆ ಎನ್ನೋಣ. ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆ. ಮುಂದೆ 20, 25, 35, 45 ಎಂದು ಮತ್ತೆ ಮೆಟ್ಟಿಲು ಹತ್ತಬೇಕು. ಪ್ರೀಮಿಯಂ ಬದಲಾಗುವುದಿಲ್ಲ ಎಂದುಕೊಂಡರೂ ಹಳೆಯ ಜಾಗಕ್ಕೆ ಬರುವಷ್ಟರಲ್ಲಿ ಹೆಚ್ಚಾಗಿ ಕಟ್ಟಿದ ಮೊತ್ತ 8,750. ಮೂರು ಸಾವಿರಕ್ಕೆ ಎಂಟು ಮುಕ್ಕಾಲು ಸಾವಿರ! ಶೇಂಗಾ ವ್ಯಾಪಾರ ಮಾಡಿದ ಶಿರಾದ ಯಾರೂ ಈ ಬೆಲೆಗೆ ಒಪ್ಪಲಾರರು.

ಡಿಕ್ಕಿ ಬಾಗಿಲು, ಟೈಲ್ ಲೈಟು, ಕ್ವಾರ್ಟರ್ ಪ್ಯಾನಲ್ ಎಲ್ಲ ಸೇರಿ ಮೂವತ್ತು ನಲವತ್ತು ಸಾವಿರ ದಾಟಿದರೆ ಮಾತು ಬೇರೆ. ಆಗ ಕ್ಲೇಮ್ ಮಾಡಲು ಹಿಂಜರಿಯಬೇಡಿ. ನೋ ಕ್ಲೇಮ್ ಬೋನಸ್ ರಕ್ಷಣೆಯ ಆ್ಯಡ್-ಆನ್ ಇದ್ದರೆ ಇನ್ನೂ ಸಲೀಸು. ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿಯಾದರೆ ಈ ಲೆಕ್ಕವೇ ಬೇಡ, ನಿಮ್ಮ ಕಂಪನಿ ನಿಮ್ಮ ಕಾರಿಗೆ ಬಿಡಿಗಾಸೂ ಕೊಡುವುದಿಲ್ಲ.

6. ರಾಜಿಯಾದರೆ ಚೀಟಿ ಬರೆಸಿ.
ಸಣ್ಣ ಗುದ್ದಿಗೆ ನನ್ನ ಮಟ್ಟಿಗೆ ಒಳ್ಳೆಯ ದಾರಿ ಇದೇ. ದಿನಾಂಕ, ಜಾಗ, ಎರಡೂ ಗಾಡಿ ನಂಬರ್, ಮೊತ್ತ, ಇಬ್ಬರ ಸಹಿ. ಒಂದು ಹಾಳೆ ಸಾಕು. ದುಡ್ಡನ್ನು ಯುಪಿಐನಲ್ಲಿ ಹಾಕಿಸಿಕೊಂಡು ‘ಬಂಪರ್ ರಿಪೇರಿ’ ಎಂದು ನಮೂದಿಸಲು ಹೇಳಿ. ‘ನಾಳೆ ಕೊಡ್ತೀನಿ’ ಎಂದು ಹೋದವರು ಆಮೇಲೆ ಫೋನ್ ಎತ್ತುವುದು ಕಡಿಮೆ, ಚೀಟಿಯಲ್ಲಿ ಸಹಿ ಮಾಡಿದವರು ಎತ್ತುತ್ತಾರೆ. ಅವರಿಂದ ದುಡ್ಡು ಪಡೆದ ಹಾನಿಗೆ ನಿಮ್ಮ ವಿಮೆಯಲ್ಲೂ ಕೇಳುವಂತಿಲ್ಲ. ಹಾಗೆಯೇ, ತಮ್ಮ ಕಂಪನಿಗೆ ತಿಳಿಸದೆ ರಾಜಿ ಮಾಡಿಕೊಂಡವರು ಆ ದುಡ್ಡನ್ನು ಆಮೇಲೆ ಕಂಪನಿಯಿಂದ ಕೇಳಿದರೆ ಸಿಗುವುದು ಕಷ್ಟ.

7. ‘ಏನ್ ಮಾಡ್ಕೊತಿಯೋ ಮಾಡ್ಕೊ’ ಎಂದವರಿಗೆ ಕಾನೂನು ತೋರಿಸಿ.
‘ಇದು ರೋಡಲ್ಲ, ಪಾರ್ಕಿಂಗು, ಕೇಸಾಗಲ್ಲ’ ಎನ್ನುವ ಮಾತು ಎಲ್ಲ ಊರಲ್ಲೂ ಕೇಳಿಬರುತ್ತದೆ. ಅದು ತಪ್ಪು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗವೆಲ್ಲ ಸಾರ್ವಜನಿಕ ಸ್ಥಳವೇ. ಬಸ್ ನಿಲ್ದಾಣದ ಅಂಗಳವೂ ಅದರಲ್ಲಿ ಬರುತ್ತದೆ. ಯಾರಿಗೂ ಪೆಟ್ಟಾಗದೆ ಬೇರೆಯವರ ವಸ್ತುವಿಗೆ ಮಾತ್ರ ಹಾನಿಯಾದರೂ, ಪೊಲೀಸರು ಸ್ಥಳದಲ್ಲಿಲ್ಲದಿದ್ದರೆ ಚಾಲಕ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು, ತನ್ನ ವಿಮಾ ಕಂಪನಿಗೂ ಬರೆದು ತಿಳಿಸಬೇಕು. 134ನೇ ಕಲಮು ಹೇಳುವುದು ಇದನ್ನೇ.

ಗಲಾಟೆಗೆ ತಿರುಗಿದರೆ 112. ಇಲ್ಲವಾದರೆ ಠಾಣೆಗೆ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಷ್ಟೋ ಸಲ ಆ ಸ್ವೀಕೃತಿಯ ಫೋಟೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಕೂಡಲೇ ದುಡ್ಡು ಬರುತ್ತದೆ. ಬಾರದಿದ್ದರೆ ಅವರ ಥರ್ಡ್ ಪಾರ್ಟಿ ವಿಮೆ ಇದೆ: ಖಾಸಗಿ ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ, ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡವರೂ ಉಂಟು. ಈ ದಾರಿಯಲ್ಲಿ ನಿಮ್ಮ ಬೋನಸ್ಸಿಗೆ ಧಕ್ಕೆಯಿಲ್ಲ. ಆದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ವಕೀಲರನ್ನು ಹಿಡಿಯಬೇಕು, ಕಾಯಬೇಕು. ಐದು ಸಾವಿರಕ್ಕೆ ನಾನಾದರೆ ಹೋಗುವುದಿಲ್ಲ, ಐವತ್ತು ಸಾವಿರಕ್ಕೆ ಹೋಗುತ್ತೇನೆ.

8. ಕ್ಲೇಮ್ ಮಾಡುವುದಾದರೆ, ರಿಪೇರಿಗೆ ಮೊದಲು ವಿಮಾ ಕಂಪನಿಗೆ ತಿಳಿಸಿ.
ಕಂಪನಿಯ ಸರ್ವೇಯರ್ ನೋಡುವ ಮೊದಲು ಬಂಪರ್ ಬಿಚ್ಚಿಸಿ ಬಣ್ಣ ಹೊಡೆಸಿದರೆ ಮುಗಿಯಿತು. ನಿಮ್ಮ ಊರಲ್ಲಿ ಕ್ಯಾಶ್‌ಲೆಸ್ ಗ್ಯಾರೇಜ್ ಇಲ್ಲದಿದ್ದರೆ ತುಮಕೂರಿಗೆ ಓಡಾಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹೋದ ವರ್ಷದ ಗೀರನ್ನೂ ಇದರಲ್ಲೇ ಸೇರಿಸುವ ಆಸೆ ಬೇಡ. ತುಕ್ಕು ಹಿಡಿದ ಗೀರು ಮೊನ್ನೆಯದೆಂದು ನಂಬುವ ಸರ್ವೇಯರ್ ಇನ್ನೂ ಹುಟ್ಟಿಲ್ಲ.

9. ‘ಮಾಲೀಕರ ಜವಾಬ್ದಾರಿ’ ಬೋರ್ಡು ದೇವರ ವಾಕ್ಯವಲ್ಲ.
ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ 1998ರಲ್ಲಿ ಸಿಬ್ಬಂದಿಯ ಕೈಗೆ ಕೀ ಕೊಟ್ಟು ನಿಲ್ಲಿಸಿದ್ದ ಮಾರುತಿ ಝೆನ್ ಕಳವಾಯಿತು. ಪಾರ್ಕಿಂಗ್ ಚೀಟಿಯಲ್ಲಿ ಅಂಥ ಷರತ್ತು ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲು ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರಿನಲ್ಲಿ ಹೇಳಿತು. ಆದರೆ ಅಲ್ಲಿ ಕೀ ಹೋಟೆಲಿನವರ ಕೈಯಲ್ಲಿತ್ತು. ಕೀ ನಿಮ್ಮ ಜೇಬಿನಲ್ಲೇ ಇದ್ದು, ಗುದ್ದಿದ್ದು ಇನ್ನೊಬ್ಬರ ಗಾಡಿಯಾದರೆ ಚೀಟಿ ಹರಿಯುವ ಹುಡುಗನ ಕೊರಳಪಟ್ಟಿ ಹಿಡಿದು ಪ್ರಯೋಜನವಿಲ್ಲ. ಅವನ ಹತ್ತಿರ ಗಾಡಿ ನಂಬರ್ ಬರೆದ ಪುಸ್ತಕವಿದ್ದರೆ ಅದನ್ನು ತೋರಿಸಲು ಕೇಳಿ, ಹೆಚ್ಚು ಉಪಯೋಗ.

10. ನಿಮ್ಮ ವಿಮಾ ಕಂಪನಿ ಅಲೆದಾಡಿಸಿದರೆ,
ಮೊದಲು ಕಂಪನಿಗೇ ಬರಹದಲ್ಲಿ ದೂರು. ಆಮೇಲೆ ವಿಮಾ ಪ್ರಾಧಿಕಾರದ ದೂರು ಪೋರ್ಟಲ್ ಬಿಮಾ ಭರೋಸಾ, ಫೋನ್ 155255. ತಿಂಗಳಾದರೂ ಉತ್ತರವಿಲ್ಲದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಡ. ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ.

11. ಗುದ್ದಿದವರು ನೀವೇ ಆಗಿದ್ದರೆ?
ಅದೂ ಆಗುತ್ತದೆ. ಆ ಕಾರಿನವರು ದರ್ಶನದ ಸಾಲಿನಲ್ಲಿ ನಿಂತಿರುತ್ತಾರೆ, ನಿಮಗೆ ಕತ್ತಲಾಗುವ ಮೊದಲು ಊರು ಸೇರಬೇಕು. ಫೋಟೋ ತೆಗೆದುಕೊಳ್ಳಿ. ಹೆಸರು, ಫೋನ್ ನಂಬರ್, ಗಾಡಿ ನಂಬರ್ ಬರೆದು ವೈಪರ್ ಕೆಳಗೆ ಸಿಕ್ಕಿಸಿ. ಶ್ರಾವಣದ ತುಂತುರಿದ್ದರೆ ಚೀಟಿಯನ್ನು ಪ್ರಸಾದದ ಪ್ಲಾಸ್ಟಿಕ್ ಕವರಿನೊಳಗಿಡಿ.