ಪದ ಬಿಡಿಸುವ ಮೊದಲು ಕಾರಣ ಹೇಳಪ್ಪಾ

ಟೀಮ್ ಲೀಡ್ ಆದೆಯಂತೆ, ಸಂತೋಷ ಕಣಪ್ಪಾ. ಬಂದ ಹೊಸದರಲ್ಲೇ 'ಮಾಸ್ಟರ್, ಸ್ಲೇವ್, ಬ್ಲಾಕ್‌ಲಿಸ್ಟ್ ಅನ್ನೋ ಪದಗಳನ್ನ ಇನ್ಮೇಲೆ ಯಾರೂ ಬಳಸಕೂಡದು' ಅಂತ ಎಲ್ಲರಿಗೂ ಮೇಲ್ ಹಾಕಿದೆ ಅಂತಲೂ ಕಿವಿಗೆ ಬಿತ್ತು. ನೀನು ಹೇಳಿದ್ದು ಸರಿ, ಹೇಳಿದ ಧಾಟಿ ಮಾತ್ರ ಪಿ.ಟಿ. ಮೇಷ್ಟ್ರದ್ದು. ಕಾರಣ ತಿಳಿಸದೆ ಬಿಡಿಸಿದ ಪದ ಮೀಟಿಂಗ್‌ನಲ್ಲಿ ಕಾಣಿಸುವುದಿಲ್ಲ, ಕ್ಯಾಂಟೀನ್‌ನಲ್ಲಿ ತಮಾಷೆಯಾಗಿ ಓಡಾಡುತ್ತದೆ.

'ಅದು ಬರೀ ಟೆಕ್ನಿಕಲ್ ಪದ ಸಾರ್' ಅಂತಾರಲ್ಲ, ಅವರ ಮಾತನ್ನು ಪೂರ್ತಿ ಕೇಳು. ಪದ ಇಟ್ಟವರಿಗೆ ಯಾರನ್ನೂ ನೋಯಿಸುವ ಉದ್ದೇಶ ಇದ್ದಿರಲಾರದು, ಅಷ್ಟನ್ನು ಒಪ್ಪಿಕೋ. ಆಮೇಲೆ ಹೇಳು: ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1865ರಲ್ಲಿ. ಆ ಗುಲಾಮರ ಮರಿಮಕ್ಕಳ ಮಕ್ಕಳು ಇವತ್ತು ನಮ್ಮ ಜೊತೆಗೇ ಕೋಡ್ ಬರೆಯುತ್ತಾರೆ. 'ಸ್ಲೇವ್ ಸತ್ತಿದೆ, ಕಿತ್ತುಹಾಕಿ ಬೇರೆ ತನ್ನಿ' ಅನ್ನುವ ಸಾಲು ಅವರಿಗೆ ನಮಗೆ ಕೇಳಿಸಿದಂತೆ ಕೇಳಿಸುವುದಿಲ್ಲ. ಇದೆಲ್ಲ ದೂರದ ಊರಿನ ಸಂಗತಿ ಅನ್ನಿಸಿದರೆ ಹತ್ತಿರದ್ದನ್ನೇ ತೋರಿಸು. ಬಹಿಷ್ಕೃತ ಅನ್ನುವುದಕ್ಕೆ ಇಂಗ್ಲಿಷಿನವರು ಸಲೀಸಾಗಿ ಬಳಸುವ 'ಪರಾಯಾ' (pariah) ಬಂದದ್ದು ತಮಿಳುನಾಡಿನ ಒಂದು ದಲಿತ ಸಮುದಾಯದ ಹೆಸರಿನಿಂದ. ಆ ಸಮುದಾಯದ ಹುಡುಗಿ ನಿನ್ನ ಪಕ್ಕದ ಸೀಟಿನಲ್ಲೇ ಕೂತಿರಬಹುದು, ಅವಳು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ ಅಷ್ಟೆ.

ಎಂಜಿನಿಯರುಗಳಿಗೆ ಎಂಜಿನಿಯರಿಂಗ್ ಕಾರಣವೂ ಬೇಕು, ಅದು ಧಾರಾಳವಾಗಿದೆ. ಸ್ಲೇವ್ ಬದಲು ರೆಪ್ಲಿಕಾ ಅಂದರೆ, ಅದು ಪ್ರತಿ ಅಂತ ನಿನ್ನೆ ಸೇರಿದ ಫ್ರೆಷರ್‌ಗೂ ತಿಳಿಯುತ್ತದೆ. ಬ್ಲಾಕ್‌ಲಿಸ್ಟ್ ಬದಲು ಡಿನೈಲಿಸ್ಟ್ ಅಂದರೆ, ಏನು ಮಾಡುತ್ತದೆ ಅಂತ ಹೆಸರೇ ಹೇಳುತ್ತದೆ. ಜ್ಯಾಂಗೋದವರು ಪ್ರೈಮರಿ, ರೆಪ್ಲಿಕಾ ಅಂತ ಬದಲಿಸಿಕೊಂಡದ್ದು 2014ರಲ್ಲಿ. ಲಿನಕ್ಸ್ ಕರ್ನಲ್‌ನ ಕೋಡಿಂಗ್ ಸ್ಟೈಲ್‌ಗೆ ಇಂಥ ಬದಲಿ ಪದಗಳ ಸಲಹೆ ಸೇರಿದ್ದು 2020ರಲ್ಲಿ. ಅಲ್ಲೂ ಹಳೆಯ ಪ್ರೋಗ್ರಾಂಗಳು ನೆಚ್ಚಿಕೊಂಡ ಹೆಸರುಗಳಿಗೆ ವಿನಾಯಿತಿ ಇಟ್ಟರು. ರೆಡಿಸ್ 2018ರಲ್ಲಿ ಹೊಸ ಕಮಾಂಡ್ ಕೊಟ್ಟಿತು, ಹಳೆಯದನ್ನು ಕೀಳಲಿಲ್ಲ. 2020ರಲ್ಲಿ ಹೊಸ ಪದಗಳನ್ನು ತಂದ ಮೈಎಸ್‌ಕ್ಯೂಎಲ್ ಹಳೆಯ ಕಮಾಂಡ್‌ಗಳನ್ನು ತೆಗೆದದ್ದು 2024ರ 8.4 ಆವೃತ್ತಿಯಲ್ಲಿ. ನಿನಗೇನಪ್ಪಾ ಇಷ್ಟು ಅವಸರ?

ಇನ್ನೊಂದು ಮಾತು. ಮಾಸ್ಟರ್ ಬ್ರಾಂಚ್‌ಗೆ ಮೇನ್ ಅಂತ ಹೆಸರಿಟ್ಟದ್ದರಿಂದ ಯಾರ ಸಂಬಳವೂ ಏರುವುದಿಲ್ಲ, ಯಾರಿಗೂ ಪ್ರಮೋಷನ್ ಸಿಗುವುದಿಲ್ಲ. ಹಾಗಂತ ಟೀಕಿಸುವವರ ಮಾತಿನಲ್ಲಿ ಹುರುಳಿದೆ, ಇದನ್ನು ಕ್ರಾಂತಿ ಅಂತ ಮಾರಬೇಡ. ನನ್ನ ಕೇಳಿದರೆ, ಜನ ಪ್ರಾಜೆಕ್ಟ್ ಬಿಟ್ಟು ಹೋಗುವುದು ಇಂಥ ಪದಗಳಿಗಿಂತ ಹೆಚ್ಚಾಗಿ ಕೋಡ್ ರಿವ್ಯೂನ ಮಾತುಗಳಿಂದ. 'ಇಷ್ಟು ಸಿಂಪಲ್ ವಿಷಯ ಗೊತ್ತಾಗಲ್ವಾ' ಅಂತ ಒಬ್ಬ ಸೀನಿಯರ್ ಬರೆದರೆ ಕೋಡ್ ಕಳಿಸಿದ ಹುಡುಗ ಮತ್ತೆ ಪುಲ್ ರಿಕ್ವೆಸ್ಟ್ ಕಳಿಸಲು ಹಿಂಜರಿಯುತ್ತಾನೆ. ನಾಲ್ಕು ಜನ ಹೆಣ್ಣುಮಕ್ಕಳಿರುವ ಕಾಲ್‌ನಲ್ಲಿ 'ಗೈಸ್' ಅನ್ನುವುದನ್ನೂ ಸ್ವಲ್ಪ ಗಮನಿಸು. ನಮ್ಮ ಆ್ಯಪ್‌ನ ಕನ್ನಡದಲ್ಲಂತೂ ಈ ತಾಪತ್ರಯವೇ ಬೇಡ. 'ಬಳಕೆದಾರನು' ಅನ್ನುವ ಬದಲು 'ಬಳಕೆದಾರರು' ಅಂದರೆ ಎಲ್ಲರೂ ಬಂದರು, ಮರ್ಯಾದೆಯೂ ಬಂತು.

ಅಭ್ಯಾಸಬಲದಿಂದ ಯಾರಾದರೂ ಹಳೆ ಪದ ಬರೆದರೆ ಹತ್ತು ಜನರ ಮುಂದೆ ತಿದ್ದಬೇಡ. ಬದಲಿ ಪದವನ್ನು ಪಕ್ಕದಲ್ಲಿ ಬರೆದು ಸುಮ್ಮನಾಗು. ಮತ್ತೆ, ಹೆಸರು ಬದಲಿಸುವ ಕೆಲಸವನ್ನು ಎಲ್ಲರಿಗಿಂತ ಹೆಚ್ಚು ಗೊಣಗುವವನ ಕೈಗೇ ಕೊಡು. ಯಾವ ಹಳೆ ಸ್ಕ್ರಿಪ್ಟ್ ಎಲ್ಲಿ ಮುರಿಯುತ್ತದೆ ಅನ್ನುವುದು ಸಾಮಾನ್ಯವಾಗಿ ಅವನಿಗೇ ಗೊತ್ತಿರುತ್ತದೆ.