ದೂರದ ದಾರಿಯ ಹೊಸ ಲಾರಿ ಚಾಲಕ: ಸರಕಿನ ಒಡೆಯರು ತಿಳಿದಿರಬೇಕಾದ ಸಂಗತಿಗಳು

ಪೀಣ್ಯದ ಸಣ್ಣ ಕಾರ್ಖಾನೆಯೊಂದರಿಂದ ಯಂತ್ರದ ಬಿಡಿಭಾಗಗಳು ಮುಂಬಯಿಗೆ ಹೊರಡುತ್ತವೆ ಎಂದು ಭಾವಿಸೋಣ. ಸರಕಿನ ಬೆಲೆ, ತೆರಿಗೆ, ಬಾಡಿಗೆ, ಇ-ವೇ ಬಿಲ್ಲು ಇವೆಲ್ಲವನ್ನೂ ಉದ್ದಿಮೆದಾರನು ಎಚ್ಚರದಿಂದ ಪರಿಶೀಲಿಸುತ್ತಾನೆ. ಆದರೆ ಸುಮಾರು 1,000 ಕಿಲೋಮೀಟರ್ ದೂರ ಆ ಸರಕನ್ನು ಒಯ್ಯುವವನು ಯಾರು, ಆತನ ಪರವಾನಗಿ ಯಾವ ವರ್ಗದ್ದು, ಭಾರಿ ವಾಹನ ನಡೆಸುವುದನ್ನು ಆತನು ಎಲ್ಲಿ ಕಲಿತನು ಎಂದು ವಿಚಾರಿಸುವವರು ವಿರಳ. ಸರಕು ಸುರಕ್ಷಿತವಾಗಿ ತಲಪುವುದು ಬಹುಮಟ್ಟಿಗೆ ಈ ಪ್ರಶ್ನೆಗಳ ಉತ್ತರವನ್ನೇ ಅವಲಂಬಿಸಿದೆ. ಆದ್ದರಿಂದ ಹೊಸ ಚಾಲಕನೊಬ್ಬನು ಹೇಗೆ ರೂಪುಗೊಳ್ಳುತ್ತಾನೆ ಎಂಬುದನ್ನು ವರ್ತಕರೂ ಉತ್ಪಾದಕರೂ ಅರಿತಿರುವುದು ಹಿತಕರ.

ಕ್ಲೀನರ್ ಕೆಲಸದಿಂದ ಚಾಲಕನ ಆಸನಕ್ಕೆ

ನಮ್ಮ ದೇಶದಲ್ಲಿ ಲಾರಿ ಚಾಲನೆಯು ಬಹುಕಾಲದಿಂದ ಗುರುಶಿಷ್ಯ ಪದ್ಧತಿಯಲ್ಲಿಯೇ ಸಾಗಿ ಬಂದಿದೆ. ಹಳ್ಳಿಯಿಂದ ಬಂದ ಹುಡುಗನು ಮೊದಲು ಕ್ಲೀನರ್ ಆಗಿ ಸೇರುತ್ತಾನೆ. ಟಾರ್ಪಾಲು ಹೊದಿಸುವುದು, ಹಗ್ಗ ಬಿಗಿಯುವುದು, ಟೈರು ಬದಲಾಯಿಸುವುದು, ಹಿಂದಕ್ಕೆ ತೆಗೆಯುವಾಗ ಸನ್ನೆ ಮಾಡುವುದು ಇವೆಲ್ಲವನ್ನೂ ಹಿರಿಯ ಚಾಲಕನ ಕೈಕೆಳಗೆ ಕಲಿಯುತ್ತಾನೆ. ಈ ಪದ್ಧತಿಯಲ್ಲಿ ಗುಣವಿಲ್ಲದಿಲ್ಲ. ಸರಕಿನ ಭಾರ ಎತ್ತ ವಾಲಿದೆ, ಯಾವ ಶಬ್ದವು ಯಾವ ದೋಷದ ಸೂಚನೆ ಎಂಬ ಅರಿವು ಪುಸ್ತಕದಿಂದ ಬರುವಂಥದಲ್ಲ.

ದೋಷವಿರುವುದು ಮುಂದಿನ ಹಂತದಲ್ಲಿ. ರಾತ್ರಿ ಹೆದ್ದಾರಿಯು ನೇರವಾಗಿ, ಬರಿದಾಗಿ ಕಂಡಾಗ ದಣಿದ ಚಾಲಕನು ಸ್ಟಿಯರಿಂಗನ್ನು ಕ್ಲೀನರಿಗೆ ಒಪ್ಪಿಸಿ ತಾನು ಹಿಂದೆ ಮಲಗುವ ರೂಢಿಯುಂಟು. ಹುಡುಗನಿಗೆ ಇದು ಕಲಿಯುವ ಅವಕಾಶವಾಗಿಯೂ ಚಾಲಕನಿಗೆ ವಿಶ್ರಾಂತಿಯಾಗಿಯೂ ಕಾಣುತ್ತದೆ. ಕಾನೂನಿನ ದೃಷ್ಟಿಯಲ್ಲಿ ಇದು ಅಪರಾಧ. ಸರಕಿನ ದೃಷ್ಟಿಯಲ್ಲಿ ಜೂಜು.

ಪರವಾನಗಿಯ ಮೆಟ್ಟಿಲುಗಳು

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 20 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಸಾರಿಗೆ ವಾಹನ ನಡೆಸುವಂತಿಲ್ಲ. ಸಾರಿಗೆ ವಾಹನದ ಕಲಿಕಾ ಪರವಾನಗಿ ಬಯಸುವವನು ಅದಕ್ಕೆ ಮುನ್ನ ಕನಿಷ್ಠ ಒಂದು ವರ್ಷ ಲಘು ಮೋಟಾರು ವಾಹನದ ಪರವಾನಗಿ ಹೊಂದಿರಬೇಕು. ವೈದ್ಯರ ಪ್ರಮಾಣಪತ್ರವೂ ಬೇಕು. ಎಂಟನೆಯ ತರಗತಿ ತೇರ್ಗಡೆಯಾಗಿರಬೇಕೆಂಬ ನಿಯಮವನ್ನು 2019ರಲ್ಲಿ ಕೇಂದ್ರ ಸರ್ಕಾರ ತೆಗೆದುಹಾಕಿತು.

ಕಲಿಕಾ ಪರವಾನಗಿಯುಳ್ಳವನು ವಾಹನ ನಡೆಸುವಾಗ ಪಕ್ಕದಲ್ಲಿ ಪರವಾನಗಿಯುಳ್ಳ ಶಿಕ್ಷಕನು, ವಾಹನವನ್ನು ನಿಯಂತ್ರಿಸಲು ಇಲ್ಲವೆ ನಿಲ್ಲಿಸಲು ಸಾಧ್ಯವಾಗುವಂತೆ ಕುಳಿತಿರಬೇಕು. ವಾಹನದ ಹಿಂದೆ ಮುಂದೆ ‘ಎಲ್’ ಗುರುತು ಇರಬೇಕು. ಹಿಂದೆ ಮಲಗಿರುವ ಚಾಲಕನು ಶಿಕ್ಷಕನಾಗಲಾರನು ಎಂಬುದು ಇದರಿಂದ ಸ್ಪಷ್ಟ.

ಒಟ್ಟು ತೂಕ 7,500 ಕಿಲೋಗ್ರಾಂ ಮೀರದ ಸಾರಿಗೆ ವಾಹನಗಳನ್ನು ಲಘು ವಾಹನದ ಪರವಾನಗಿಯಿಂದಲೇ ನಡೆಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರಿನಲ್ಲಿ ತೀರ್ಪಿತ್ತಿದೆ. ಸ್ವಂತ ಸಣ್ಣ ವಾಹನವಿರುವ ಉತ್ಪಾದಕರಿಗೆ ಇದು ಅನುಕೂಲವೇ ಸರಿ. ಆದರೆ ದೂರದ ಊರುಗಳಿಗೆ ಹೋಗುವ ದೊಡ್ಡ ಲಾರಿಗಳಿಗೆ ಈ ತೀರ್ಪು ಅನ್ವಯಿಸುವುದಿಲ್ಲ. ಅಪಾಯಕಾರಿ ರಾಸಾಯನಿಕಗಳನ್ನು ಸಾಗಿಸುವವರಿಗಂತೂ ಪ್ರತ್ಯೇಕ ತರಬೇತಿ ಮತ್ತು ಪರವಾನಗಿಯಲ್ಲಿ ಅದರ ನಮೂದು ಕಡ್ಡಾಯ.

ತರಬೇತಿಯಲ್ಲಿ ಕಲಿಯಬೇಕಾದದ್ದು

ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮಗಳು 2021ರ ಜುಲೈ 1ರಿಂದ ಜಾರಿಗೆ ಬಂದವು. ಅವುಗಳ ಪ್ರಕಾರ ಮಧ್ಯಮ ಮತ್ತು ಭಾರಿ ವಾಹನಗಳ ತರಬೇತಿಯು ಆರು ವಾರಗಳಲ್ಲಿ 38 ಗಂಟೆಗಳದ್ದು. ಇದು ಅಡಿಪಾಯ ಮಾತ್ರ. ತುಂಬಿದ ಲಾರಿಯ ಸ್ವಭಾವವನ್ನು ಹೊಸಬನು ಅನುಭವಸ್ಥನ ಜೊತೆಯಲ್ಲಿ ರಸ್ತೆಯ ಮೇಲೆಯೇ ಅರಿಯಬೇಕಾಗುತ್ತದೆ.

ಅದರಲ್ಲಿ ಮೊದಲನೆಯದು ನಿಲ್ಲುವ ದೂರ. ಚಲಿಸುವ ವಾಹನದ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವು ಗಂಟೆಗೆ 40 ಕಿಲೋಮೀಟರಿನಿಂದ 60ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಕಾರು ನಡೆಸಿ ಬಂದವನಿಗೆ ಈ ಅಂದಾಜು ಸುಲಭವಾಗಿ ಹತ್ತುವುದಿಲ್ಲ.

ಎರಡನೆಯದು ಘಾಟಿಯ ಇಳಿಜಾರು. ಮಂಗಳೂರಿನ ದಾರಿಯಲ್ಲಿ ಶಿರಾಡಿ, ಮುಂಬಯಿಯ ದಾರಿಯಲ್ಲಿ ಖಂಬಾಟಕಿ ಮತ್ತು ಖಂಡಾಳಾ ಘಾಟಿಗಳು ಹೊಸ ಚಾಲಕನ ನಿಜವಾದ ಪರೀಕ್ಷೆಗಳು. ಸತತವಾಗಿ ಬ್ರೇಕು ಒತ್ತಿ ಇಳಿದರೆ ಡ್ರಮ್ಮುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ತಂದು, ಎಂಜಿನ್ನಿನ ತಡೆಯಿಂದಲೂ ಎಕ್ಸಾಸ್ಟ್ ಬ್ರೇಕಿನಿಂದಲೂ ವೇಗವನ್ನು ಹಿಡಿತದಲ್ಲಿಟ್ಟುಕೊಂಡು, ಕಾಲಿನ ಬ್ರೇಕನ್ನು ಮಿತವಾಗಿ ಬಳಸುವುದೇ ಸರಿಯಾದ ಕ್ರಮ. ಡೀಸೆಲ್ ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಇಳಿಯುವವನು ಎಂಜಿನ್ನಿನ ತಡೆಯನ್ನು ಸಂಪೂರ್ಣವಾಗಿ ಕಳೆದುಕೊಳ್ಳುತ್ತಾನೆ. ಗಾಳಿಬ್ರೇಕಿನ ವಾಹನದಲ್ಲಿ ಒತ್ತಡ ಮಾಪಕವನ್ನು ನೋಡದೆ ಹೊರಡುವುದೂ ಅಷ್ಟೇ ಅಪಾಯಕರ.

ಗಂಟೆಗಳ ಲೆಕ್ಕ

ಮೋಟಾರು ಸಾರಿಗೆ ಕಾರ್ಮಿಕರಿಗೆ 1961ರ ಕಾಯ್ದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ಕೆಲಸವನ್ನು ಗೊತ್ತುಪಡಿಸಿತ್ತು. ದೂರದ ಮಾರ್ಗಗಳಲ್ಲಿ ಅನುಮತಿ ಪಡೆದರೂ ದಿನಕ್ಕೆ 10 ಗಂಟೆ, ವಾರಕ್ಕೆ 54 ಗಂಟೆ ಮೀರುವಂತಿರಲಿಲ್ಲ. 5 ಗಂಟೆಗಳ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆಯ ಬಿಡುವು ಕೊಡಬೇಕಾಗಿತ್ತು. ಆ ಕಾಯ್ದೆಯು 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಸೇರಿಹೋಗಿದ್ದು, ಆ ಸಂಹಿತೆಯು 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ದಿನಕ್ಕೆ 8 ಗಂಟೆಯ ಮೂಲತತ್ವ ಅದರಲ್ಲಿಯೂ ಉಳಿದಿದೆ.

ಈಗ ಪೀಣ್ಯದ ಸರಕಿಗೆ ಮರಳೋಣ. ಘಾಟಿ, ಟೋಲು, ನಗರಗಳ ದಟ್ಟಣೆ ಸೇರಿ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ಎಂದು ಹಿಡಿದರೆ 1,000 ಕಿಲೋಮೀಟರಿಗೆ 25 ಗಂಟೆಗಳ ಚಾಲನೆ ಬೇಕು. ದಿನಕ್ಕೆ 10 ಗಂಟೆಯಂತೆ ಒಬ್ಬ ಚಾಲಕನಿಗೆ ಇದು ಎರಡೂವರೆ ದಿನಗಳ ಕೆಲಸ. 8 ಗಂಟೆಯಂತೆ ಮೂರು ದಿನಗಳಿಗೂ ಮೇಲೆ. ಸರಕಿನ ಒಡೆಯನು 36 ಗಂಟೆಗಳಲ್ಲಿ ಮುಟ್ಟಿಸಬೇಕೆಂದು ಪಟ್ಟು ಹಿಡಿದರೆ ಊಟ, ಸ್ನಾನ, ನಿದ್ರೆ, ದುರಸ್ತಿ ಎಲ್ಲಕ್ಕೂ ಸೇರಿ ಉಳಿಯುವುದು 11 ಗಂಟೆ. ಸ್ಟಿಯರಿಂಗು ಕ್ಲೀನರಿನ ಕೈಗೆ ಹೋಗುವುದು ಈ ಲೆಕ್ಕದಿಂದಲೇ ಹೊರತು ಚಾಲಕನೊಬ್ಬನ ಸೋಮಾರಿತನದಿಂದಲ್ಲ.

ಇಂಥ ಅವಸರವನ್ನು ತೆರಿಗೆ ಕಾನೂನು ಬೇಡುವುದಿಲ್ಲ ಎಂಬುದನ್ನೂ ಗಮನಿಸಬೇಕು. 2021ರ ಜನವರಿಯಿಂದ ಸಾಮಾನ್ಯ ಸರಕಿನ ಇ-ವೇ ಬಿಲ್ಲಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನದಂತೆ ಕಾಲಾವಧಿಯಿದೆ. ಮೇಲಿನ ಪ್ರಯಾಣಕ್ಕೆ ಐದು ದಿನಗಳಾದವು. ಅನಿವಾರ್ಯ ಕಾರಣದಿಂದ ತಡವಾದರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ ಅದನ್ನು ವಿಸ್ತರಿಸಿಕೊಳ್ಳಲು ಅವಕಾಶವಿದೆ.

ನಷ್ಟ ಯಾರದು?

ಪರವಾನಗಿಯಿಲ್ಲದವನಿಗೆ ವಾಹನ ನಡೆಸಲು ಬಿಟ್ಟ ಮಾಲೀಕನಿಗೆ 2019ರ ತಿದ್ದುಪಡಿಯ ಪ್ರಕಾರ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅಪಘಾತದಲ್ಲಿ ನೊಂದ ಮೂರನೆಯವರಿಗೆ ವಿಮಾ ಸಂಸ್ಥೆಯು ಪರಿಹಾರ ಕೊಟ್ಟು, ಷರತ್ತು ಮುರಿದ ಮಾಲೀಕನಿಂದ ಆ ಹಣವನ್ನು ವಸೂಲು ಮಾಡಿಕೊಳ್ಳಬಹುದೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ವಿಶದಪಡಿಸಿದೆ. ಒಂದೆರಡು ಲಾರಿಗಳ ಮಾಲೀಕನನ್ನು ಇಂಥದೊಂದು ವಸೂಲಿಯೇ ನೆಲಕಚ್ಚಿಸಬಲ್ಲದು.

ಸರಕಿನ ಒಡೆಯನೂ ನಿಶ್ಚಿಂತನಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯ ಮೇರೆಗೆ, ಹೆಚ್ಚಿನ ಬೆಲೆಯನ್ನು ಘೋಷಿಸಿ ಅದಕ್ಕೆ ತಕ್ಕ ದರವನ್ನು ತೆತ್ತಿರದಿದ್ದರೆ ಸಾಗಣೆದಾರನ ಹೊಣೆಗೆ ಮಿತಿಯಿದೆ. ನಷ್ಟದ ದಾವೆ ಹೂಡುವ ಮುನ್ನ, ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಟ್ಟಿರಬೇಕು.

ವರ್ತಕರು ಅನುಸರಿಸಬಹುದಾದ ಕ್ರಮಗಳು

1. ಲಾರಿ ಹೊರಡುವ ಮುನ್ನ ಚಾಲಕನ ಪರವಾನಗಿಯ ವರ್ಗ ಮತ್ತು ಅವಧಿಯನ್ನು ನೋಡಿ ಕಡತದಲ್ಲಿ ನಮೂದಿಸಿಕೊಳ್ಳುವುದು. ಪರವಾನಗಿ ಸಂಖ್ಯೆ ಮತ್ತು ಜನ್ಮದಿನಾಂಕದ ಸಹಾಯದಿಂದ ಕೇಂದ್ರ ಸರ್ಕಾರದ ಪರಿವಾಹನ ಜಾಲತಾಣದಲ್ಲಿ ಇದನ್ನು ಪರಿಶೀಲಿಸಬಹುದು.

2. ಸರಕು ತಲಪಬೇಕಾದ ಗಡುವನ್ನು ದೂರಕ್ಕೂ ಚಾಲನೆಯ ಗಂಟೆಗಳಿಗೂ ಹೊಂದಿಸಿ ಗೊತ್ತುಪಡಿಸುವುದು. ಅವಸರವಿದ್ದಲ್ಲಿ ಭಾರಿ ವಾಹನದ ಪರವಾನಗಿಯುಳ್ಳ ಇಬ್ಬರು ಚಾಲಕರನ್ನು ಕೇಳಿ, ಹೆಚ್ಚಿನ ಖರ್ಚನ್ನು ಬಾಡಿಗೆಯಲ್ಲಿಯೇ ಸೇರಿಸುವುದು.

3. ಮಿತಿಮೀರಿ ಭಾರ ಹೇರದಿರುವುದು. ಅಧಿಕ ಭಾರಕ್ಕೆ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವನ್ನು 2019ರ ತಿದ್ದುಪಡಿ ವಿಧಿಸಿದೆ. ಘಾಟಿಯಲ್ಲಿ ಹೊಸ ಚಾಲಕನನ್ನು ಮೊದಲು ಸೋಲಿಸುವುದೂ ಈ ಹೆಚ್ಚುವರಿ ಭಾರವೇ.

4. ಸರಕು ಏರಿಸುವ ಮತ್ತು ಇಳಿಸುವ ಸ್ಥಳದಲ್ಲಿ ಕುಡಿಯುವ ನೀರು, ಶೌಚಾಲಯ, ಮಲಗಲು ನೆರಳು ಒದಗಿಸುವುದು. ಗೇಟಿನ ಮುಂದೆ ಹಗಲೆಲ್ಲ ಕಾದ ಚಾಲಕನು ರಾತ್ರಿ ದಣಿದೇ ಹೊರಡುತ್ತಾನೆ.

5. ಕ್ಲೀನರ್ ಹುಡುಗನಿಗೆ ಕ್ರಮಬದ್ಧ ತರಬೇತಿ ಕೊಡಿಸುವ ಲಾರಿ ಮಾಲೀಕರಿಗೆ, ಬಾಡಿಗೆ ತುಸು ಹೆಚ್ಚಾದರೂ ಆದ್ಯತೆ ನೀಡುವುದು.

2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣವನ್ನು ಕಡ್ಡಾಯಗೊಳಿಸಲಾಗಿದೆ. ಚಾಲಕನ ದಣಿವೂ ಸುರಕ್ಷತೆಯ ವಿಷಯವೆಂದು ಸರ್ಕಾರವು ಒಪ್ಪಿಕೊಂಡಿರುವುದಕ್ಕೆ ಇದು ಸಾಕ್ಷಿ. ಆದರೆ ತಂಪಾದ ಕೋಣೆಯು ನಿದ್ರೆಗೆ ಬದಲಿಯಾಗಲಾರದು. ಚಾಲಕನಿಗೆ ಮಲಗಲು ಸಮಯ ದೊರೆಯುವುದೋ ಇಲ್ಲವೋ ಎಂಬುದು ಬಹಳ ಮಟ್ಟಿಗೆ ಸರಕು ಕಳುಹಿಸುವವರು ಗೊತ್ತುಪಡಿಸುವ ಗಡುವಿನಲ್ಲಿಯೇ ತೀರ್ಮಾನವಾಗುತ್ತದೆ.