ಮಕ್ಕಳ ಶಿಬಿರದಲ್ಲಿ ಅಣ್ಣ, ಅಕ್ಕ ಆಗಲು ಹೊರಟವರಿಗೆ

ಏಪ್ರಿಲ್ ಎರಡನೇ ವಾರ ಶಾಲೆಗಳಿಗೆ ರಜೆ ಬಿಟ್ಟಿತೆಂದರೆ ಮಲೆನಾಡು, ಕೊಡಗು, ದಾಂಡೇಲಿ ಕಡೆಯಲ್ಲೂ ಬೆಂಗಳೂರು, ಮೈಸೂರಿನ ಹೊರವಲಯದ ತೋಟಗಳಲ್ಲೂ ಮಕ್ಕಳ ವಸತಿ ಶಿಬಿರಗಳು ಶುರುವಾಗುತ್ತವೆ. ಐದು ದಿನದ್ದು, ವಾರದ್ದು, ಹತ್ತು ದಿನದ್ದು. ಇವಕ್ಕೆಲ್ಲ ಆ ಆರೇಳು ವಾರಗಳ ಮಟ್ಟಿಗೆ ಜನ ಬೇಕು. ಪದವಿ ಓದುವವರು, ಬಿ.ಇಡಿ. ವಿದ್ಯಾರ್ಥಿಗಳು, ರಂಗಶಾಲೆಗಳಿಂದ ಹೊರಬಂದವರು, ಎನ್‌ಸಿಸಿ, ಸ್ಕೌಟ್ಸ್‌ನಲ್ಲಿ ಇದ್ದವರು ಸೇರಿಕೊಳ್ಳುತ್ತಾರೆ. ಕರಪತ್ರದಲ್ಲಿ ಇವರನ್ನು ಸ್ವಯಂಸೇವಕ, ಸಂಯೋಜಕ, ಮಾರ್ಗದರ್ಶಕ ಎಂದು ಏನೇನೋ ಕರೆದಿರುತ್ತಾರೆ. ಮಕ್ಕಳಿಗೆ ಮಾತ್ರ ಇವರು ಅಣ್ಣ, ಅಕ್ಕ.

ಅರ್ಜಿ ಹಾಕುವಾಗ ಕಣ್ಣಿಗೆ ಕಟ್ಟುವುದು ಆಟ, ಹಾಡು, ಚಾರಣ, ಶಿಬಿರಾಗ್ನಿ. ಆ ಹೊತ್ತುಗಳಲ್ಲಿ ಮಕ್ಕಳು ತಾವಾಗಿಯೇ ಖುಷಿಯಲ್ಲಿರುತ್ತಾರೆ, ನೋಡಿಕೊಳ್ಳಲು ಸಂಪನ್ಮೂಲ ವ್ಯಕ್ತಿಗಳೂ ಬಂದಿರುತ್ತಾರೆ. ಅಣ್ಣ, ಅಕ್ಕಂದಿರನ್ನು ಪರೀಕ್ಷೆಗೆ ಒಡ್ಡುವುದು ರಾತ್ರಿ ಊಟ ಮುಗಿದಲ್ಲಿಂದ ಬೆಳಗಿನ ತಿಂಡಿಯವರೆಗಿನ ಅವಧಿ. ಅದಕ್ಕೆ ಸಿದ್ಧರಾಗಿ ಬಂದವರಿಗೆ ಹಗಲು ಸಲೀಸು. ಆದ್ದರಿಂದ ಈ ಲೇಖನದಲ್ಲೂ ಆ ಭಾಗಕ್ಕೇ ಹೆಚ್ಚು ಜಾಗ.

ಒಪ್ಪಿಕೊಳ್ಳುವ ಮುನ್ನ ಕೇಳಿ

ಜನವರಿ, ಫೆಬ್ರುವರಿಯಲ್ಲೇ ಶಿಬಿರಗಳನ್ನು ಸಂಪರ್ಕಿಸಿ. ಅದಕ್ಕೂ ಮೊದಲು ನಿಮ್ಮ ಪರೀಕ್ಷೆಯ ವೇಳಾಪಟ್ಟಿ ನೋಡಿಕೊಳ್ಳಿ. ಪರೀಕ್ಷೆ ಮುಂದೆ ಹೋಯಿತೆಂದು ಶಿಬಿರದ ನಡುವೆ ಎದ್ದು ಹೊರಟರೆ, ನಿಮ್ಮನ್ನು ಹಚ್ಚಿಕೊಂಡ ಮಕ್ಕಳು ಕಂಗಾಲಾಗುತ್ತಾರೆ. ವಯಸ್ಸು 18 ತುಂಬಿರಲಿ.

ಮಾತುಕತೆಗೆ ಕರೆದಾಗ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಅವರನ್ನು ಕೇಳಬೇಕು. ರಾತ್ರಿ ಒಬ್ಬರ ಪಾಲಿಗೆ ಎಷ್ಟು ಮಕ್ಕಳು? ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ನಿನ ಮಾನದಂಡದಲ್ಲಿ, ವಸತಿ ಶಿಬಿರವಾದರೆ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 14 ವರ್ಷದ ಎಂಟು ಮಕ್ಕಳಿಗೆ ಒಬ್ಬರು ಇರಬೇಕು. ನಮ್ಮಲ್ಲೂ ಅಳತೆಗೆ ಇದನ್ನೇ ಇಟ್ಟುಕೊಳ್ಳಬಹುದು. ಇಪ್ಪತ್ತು ಮಕ್ಕಳನ್ನು ಒಬ್ಬರ ಕೈಗೆ ಕೊಟ್ಟು ‘ನಿಭಾಯಿಸಿಕೊಳ್ಳಿ’ ಎನ್ನುವ ಕಡೆ ಹೋಗಬೇಡಿ, ಗೌರವಧನ ಎಷ್ಟೇ ಇರಲಿ. ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನದ ಜೊತೆ ಚಾಲಕನೂ ಶಿಬಿರದಲ್ಲೇ ಮಲಗುತ್ತಾನೆಯೇ, ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ವಿಮೆ ಇದೆಯೇ, ವಾರದಲ್ಲಿ ಅರ್ಧ ದಿನವಾದರೂ ಬಿಡುವು ಉಂಟೇ, ಇವನ್ನೂ ಕೇಳಿ. ಹಣದ ಮಾತನ್ನು ಸಂಕೋಚಪಟ್ಟು ಬಿಡಬೇಡಿ. ದಿನಕ್ಕೆ ಎಷ್ಟು, ಪ್ರಯಾಣದ ಖರ್ಚು ಸೇರಿದೆಯೇ, ಯಾವಾಗ ಕೊಡುತ್ತಾರೆ ಎಂಬುದು ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಬರಹದಲ್ಲಿ ಇರಲಿ.

ಒಳ್ಳೆಯ ಶಿಬಿರದವರು ನಿಮ್ಮಿಂದ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಕೇಳುತ್ತಾರೆ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಕೇಳಿದರೆಂದು ಬೇಸರ ಬೇಡ. ಯಾರೆಂದೇ ವಿಚಾರಿಸದೆ ಮಕ್ಕಳ ನಡುವೆ ಬಿಡುವವರ ಬಗ್ಗೆಯೇ ಅನುಮಾನ ಪಡಬೇಕು.

ಹೊರಡುವ ಮೊದಲು

ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ನಡೆಸುವ ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ. ಬಂಡೆ ಹತ್ತುವುದು, ದೋಣಿ ಮುಂತಾದ ಸಾಹಸ ಚಟುವಟಿಕೆಗಳತ್ತ ಒಲವಿದ್ದವರು ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಕೋರ್ಸುಗಳನ್ನು ವಿಚಾರಿಸಬಹುದು. ಇಂಥ ಚಟುವಟಿಕೆಗಳನ್ನು ತರಬೇತಿ ಇಲ್ಲದೆ ನಡೆಸಲು ಯಾರು ಹೇಳಿದರೂ ಒಪ್ಪಬೇಡಿ.

ಚೀಲದಲ್ಲಿ ಟಾರ್ಚ್, ವಿಷಲ್, ಜೇಬಿನಲ್ಲಿ ಹಿಡಿಯುವ ನೋಟ್‌ಬುಕ್, ಪಾದ ಪೂರ್ತಿ ಮುಚ್ಚುವ ಶೂ, ತುಂಬು ತೋಳಿನ ಅಂಗಿ. ತಲೆಯಲ್ಲಿ ಒಂದಷ್ಟು ಕಥೆ, ಹಾಡು, ಹೆಚ್ಚು ಸಾಮಾನು ಬೇಡದ ಆಟಗಳು. ಸಂಜೆ ಮಳೆ ಹಿಡಿದು ಎಲ್ಲರೂ ಒಂದೇ ಹಾಲ್‌ನಲ್ಲಿ ಸಿಕ್ಕಿಕೊಂಡಾಗ ಚೌಕಾಬಾರ, ಚನ್ನೆಮಣೆ ಗೊತ್ತಿರುವ ಅಕ್ಕನಿಗೆ ಇರುವ ಬೆಲೆ ಬೇರೆ ಯಾರಿಗೂ ಇರುವುದಿಲ್ಲ.

ಮೊದಲ ದಿನ: ಹೆಸರು, ಅರ್ಜಿ, ಔಷಧಿ

ಮಕ್ಕಳು ಬರುವ ಮುನ್ನವೇ ನಿಮ್ಮ ಗುಂಪಿನ ಅರ್ಜಿಗಳನ್ನು ಓದಿ ಮುಗಿಸಿರಿ. ಉಬ್ಬಸ, ಫಿಟ್ಸ್, ಕಡಲೆಕಾಯಿಯಂಥ ಪದಾರ್ಥದ ಅಲರ್ಜಿ, ನಿದ್ದೆಯಲ್ಲಿ ನಡೆಯುವುದು, ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಇವನ್ನು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ. ಎಷ್ಟೋ ತಂದೆತಾಯಿಗಳು ಇದನ್ನೆಲ್ಲ ಅರ್ಜಿಯಲ್ಲಿ ಬರೆದಿರುವುದಿಲ್ಲ. ಬಿಡಲು ಬಂದವರನ್ನು ಪಕ್ಕಕ್ಕೆ ಕರೆದು, ಮಗುವಿಗೆ ಕೇಳಿಸದಂತೆ ಕೇಳಿದರೆ ಹೇಳುತ್ತಾರೆ. ಮಾತ್ರೆ, ಸಿರಪ್‌ಗಳೆಲ್ಲ ಹೆಸರು ಬರೆದ ಚೀಟಿಯೊಂದಿಗೆ ಶಿಬಿರದ ಔಷಧಿ ಪೆಟ್ಟಿಗೆಗೆ ಹೋಗಲಿ. ಉಬ್ಬಸದ ಮಗುವಿನ ಇನ್‌ಹೇಲರ್ ಮಾತ್ರ ಸದಾ ಮಗುವಿನ ಹತ್ತಿರವೋ ನಿಮ್ಮ ಹತ್ತಿರವೋ ಇರಬೇಕು.

ಹೆಣ್ಣುಮಕ್ಕಳ ಗುಂಪಿನ ಅಕ್ಕಂದಿರು ಮೊದಲ ಸಂಜೆಯೇ ಪ್ಯಾಡ್ ಎಲ್ಲಿ ಇಟ್ಟಿದೆ, ಬಳಸಿದ್ದನ್ನು ಎಲ್ಲಿ ಹಾಕಬೇಕು ಎಂದು ಎಲ್ಲರಿಗೂ ತೋರಿಸಿಬಿಡಿ. ಹತ್ತು, ಹನ್ನೆರಡರ ಹುಡುಗಿಯರಲ್ಲಿ ಒಬ್ಬಳಿಗೆ ಮೊದಲ ಮುಟ್ಟು ಶಿಬಿರದಲ್ಲೇ ಆಗಬಹುದು. ಮೊದಲೇ ಹೇಳಿದ್ದರೆ ಆಕೆ ಹೆದರಿ ಬಚ್ಚಲಲ್ಲಿ ಒಬ್ಬಳೇ ಕೂರುವುದಿಲ್ಲ.

ರಾತ್ರಿಯೊಳಗೆ ಗುಂಪಿನ ಎಲ್ಲರ ಹೆಸರೂ ನಿಮ್ಮ ಬಾಯಲ್ಲಿ ಇರಬೇಕು. ‘ಏ ಕೆಂಪು ಟೀಶರ್ಟ್’ ಎಂದು ಕರೆಸಿಕೊಂಡ ಮಗು ತನ್ನ ಕಷ್ಟ ಹೇಳಿಕೊಳ್ಳಲು ನಿಮ್ಮ ಬಳಿ ಬರುವುದಿಲ್ಲ.

ದೀಪ ಆರಿದ ಮೇಲೆ

ಇಡೀ ದಿನ ಕುಣಿದ ಮಗು ದೀಪ ಆರಿಸಿದ ಹತ್ತು ನಿಮಿಷಕ್ಕೆ “ಅಕ್ಕಾ, ಹೊಟ್ಟೆ ನೋಯ್ತಿದೆ” ಎನ್ನುತ್ತದೆ. ಎದ್ದು ಹೋಗಿ ನೋಡಿ. ಜ್ವರವಿಲ್ಲ, ವಾಂತಿ ಇಲ್ಲ, ಎಲ್ಲಿ ನೋವು ಎಂದರೆ ತೋರಿಸಲು ಬಾರದು ಎಂದಾದರೆ ಬಹುಪಾಲು ಅದು ಮನೆಯ ನೆನಪು. “ಇಷ್ಟು ದೊಡ್ಡವನಾಗಿ ಅಳ್ತೀಯಾ” ಎಂದು ಯಾವತ್ತೂ ಹೇಳಬೇಡಿ. “ಅಮ್ಮನ ನೆನಪಾಯ್ತಾ?” ಎಂದು ನೇರವಾಗಿ ಕೇಳಿ, ಅತ್ತರೆ ಅಳಲು ಬಿಡಿ. ಮನೆಯಲ್ಲಿ ಮಲಗುವಾಗ ಏನು ಮಾಡುತ್ತಾರೆ, ಯಾರ ಪಕ್ಕ ಮಲಗುತ್ತಾರೆ ಎಂದು ಮಾತಿಗೆಳೆಯಿರಿ. ಸುಳ್ಳು ಸಮಾಧಾನ ಬೇಡ. ‘ನಾಳೆ ಅಪ್ಪ ಬರ್ತಾರೆ’ ಎಂಬ ಒಂದು ಮಾತಿಗೆ ಮರುದಿನವಿಡೀ ಗೇಟಿನ ಬಳಿ ನಿಲ್ಲುವ ಮಗುವನ್ನು ಕಂಡವರಿಗೆ ಇದು ಗೊತ್ತು. ಬದಲಿಗೆ ಬೆಳಗ್ಗೆಗೆ ಒಂದು ಕೆಲಸ ಕೊಡಿ: “ಆರು ಗಂಟೆಗೆ ನಂಜೊತೆ ಹಾಲು ತರೋಕೆ ಬರ್ತೀಯಾ? ಕ್ಯಾನ್ ಹಿಡ್ಕೊಳೋಕೆ ಒಬ್ಬರು ಬೇಕು.” ಬೆಳಗಾದ ಮೇಲೆ ತನಗೊಂದು ಪಾತ್ರವಿದೆ ಎಂದು ಗೊತ್ತಾದ ಮಗು ನಿದ್ದೆ ಹೋಗುತ್ತದೆ. ಮನೆಗೆ ಫೋನ್ ಮಾಡಿಸುವುದಾದರೆ ಹಗಲಲ್ಲಿ, ಆಟಕ್ಕೆ ಮುಂಚೆ ಮಾಡಿಸಿ. ರಾತ್ರಿಯ ಫೋನ್ ಅಳುವನ್ನು ಹೆಚ್ಚಿಸುತ್ತದೆ, ಆ ಕಡೆ ತಾಯಿಯ ನಿದ್ದೆಯನ್ನೂ ಕೆಡಿಸುತ್ತದೆ. ಮೂರು ದಿನವಾದರೂ ಊಟ ಬಿಟ್ಟು ಕೂತ ಮಗುವನ್ನು ಮಾತ್ರ ಹಟಕ್ಕೆ ಬಿದ್ದು ಉಳಿಸಿಕೊಳ್ಳಬೇಡಿ. ನಿರ್ದೇಶಕರಿಗೆ ಹೇಳಿ ಮನೆಯವರನ್ನು ಕರೆಸಿ.

ಹಾಸಿಗೆ ಒದ್ದೆಯಾಗುವುದು ಏಳೆಂಟು ವರ್ಷದವರಲ್ಲಿ ಸಾಮಾನ್ಯ, ದೊಡ್ಡವರಲ್ಲೂ ಉಂಟು. ಮಲಗುವ ಮುನ್ನ ಇಡೀ ಗುಂಪನ್ನು ಶೌಚಾಲಯಕ್ಕೆ ಕರೆದೊಯ್ಯಿರಿ. ಆಗ ಒಬ್ಬರನ್ನೇ ಬೊಟ್ಟು ಮಾಡಿದಂತಾಗುವುದಿಲ್ಲ. ಹನ್ನೊಂದರ ಸುಮಾರಿಗೆ ಅಗತ್ಯವಿದ್ದವರನ್ನು ಮೆಲ್ಲಗೆ ಎಬ್ಬಿಸಿ. ಹೆಚ್ಚುವರಿ ಜಮಖಾನ, ಪ್ಲಾಸ್ಟಿಕ್ ಹಾಳೆ, ಒಂದು ಜೊತೆ ಬಟ್ಟೆ ನಿಮ್ಮ ತಲೆದೆಸೆಯಲ್ಲೇ ಇರಲಿ. ಒದ್ದೆಯಾದರೆ ಉಳಿದವರು ಏಳುವ ಮೊದಲು ಹಾಸಿಗೆ ಬದಲಾಗಿರಬೇಕು, ಒದ್ದೆ ಬಟ್ಟೆ ಒಗೆಯುವ ರಾಶಿಯ ಅಡಿಗೆ ಹೋಗಿರಬೇಕು. ಈ ಗುಟ್ಟನ್ನು ಉಳಿಸಿಕೊಟ್ಟ ಅಣ್ಣನನ್ನು ಆ ಮಗು ಮರೆಯುವುದಿಲ್ಲ.

ನೆಲದ ಮೇಲೆ ಚಾಪೆ ಹಾಸಿ ಮಲಗಿಸುವ ಕಡೆ ಸೊಳ್ಳೆಪರದೆ ಕೇಳಿ ಪಡೆಯಿರಿ, ಅದರ ಅಂಚನ್ನು ಚಾಪೆಯಡಿಗೆ ಸುತ್ತಲೂ ಸಿಕ್ಕಿಸಿ. ಸೊಳ್ಳೆಗಿಂತ ಇದು ಕಟ್ಟುಹಾವಿಗೆ. ಈ ಹಾವು ರಾತ್ರಿ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ, ಗುರುತೂ ಸರಿಯಾಗಿ ಕಾಣುವುದಿಲ್ಲ. ನಸುಕಿನಲ್ಲಿ ಎದ್ದ ಮಗು ಹೊಟ್ಟೆನೋವು, ಗಂಟಲು ಕಟ್ಟಿದೆ ಎಂದು ಹೇಳಿ, ಅದರ ಕಣ್ಣರೆಪ್ಪೆ ಜೋತು ಬೀಳುತ್ತಿದ್ದರೆ ಮನೆಯ ನೆನಪೆಂದು ಸುಮ್ಮನಿರಬೇಡಿ. ತಕ್ಷಣ ಪ್ರತಿವಿಷ ಇರುವ ಆಸ್ಪತ್ರೆಗೆ ಹೊರಡಿ, ವಾಹನ ಇಲ್ಲದಿದ್ದರೆ 108. ಯಾವುದೇ ಹಾವು ಕಚ್ಚಿದರೂ ಬಿಗಿದು ಕಟ್ಟಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಬೇಕು. ರಾತ್ರಿ ಶೌಚಾಲಯಕ್ಕೆ ಚಪ್ಪಲಿ, ಟಾರ್ಚ್ ಇಲ್ಲದೆ ಯಾರೂ ಹೋಗಕೂಡದು. ಬೆಳಗ್ಗೆ ಶೂ ಕೊಡವಿಯೇ ಹಾಕಿಕೊಳ್ಳುವ ಅಭ್ಯಾಸ ಮಾಡಿಸಿ.

ಮೂರನೇ ದಿನದ ಹೊಟ್ಟೆನೋವು

ಇದು ಬೇರೆ. ಗುರುತಿಲ್ಲದ ಶೌಚಾಲಯ, ಚಿಲಕ ಸರಿಯಿಲ್ಲ, ಹೊರಗೆ ಸಾಲು ನಿಂತಿದೆ. ಮಗು ತಡೆದುಕೊಂಡೇ ಇರುತ್ತದೆ. ಮನೆಯಲ್ಲಿ ಕಮೋಡ್ ಮಾತ್ರ ಬಳಸಿದವರಿಗೆ ಕುಕ್ಕರಗಾಲಲ್ಲಿ ಕೂರುವುದೇ ಕಷ್ಟ. ಎರಡನೇ ದಿನವೇ ಒಬ್ಬೊಬ್ಬರನ್ನಾಗಿ ಮೆಲ್ಲಗೆ ಕೇಳಿ. ಬಾಳೆಹಣ್ಣು, ಮಜ್ಜಿಗೆ, ಬೇಕಾದಷ್ಟು ನೀರು, ಬೆಳಗ್ಗೆ ಅವಸರವಿಲ್ಲದ ಅರ್ಧ ಗಂಟೆ ಕೊಟ್ಟರೆ ಸರಿಹೋಗುತ್ತದೆ. ಭೇದಿಯಾದರೆ ಓಆರ್‌ಎಸ್. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಬೇಕು, ಲೋಟದಲ್ಲಿ ಅಂದಾಜಿನ ಮೇಲೆ ಕಲಸಬಾರದು.

ನೀರು, ಸಿಡಿಲು, ಉಣುಗು

ನೀರಿನ ಹತ್ತಿರ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈಬೀಸುವುದಿಲ್ಲ, ಸದ್ದಿಲ್ಲದೆ ಒಳಗೆ ಹೋಗುತ್ತದೆ. ಮಕ್ಕಳನ್ನು ಜೋಡಿ ಮಾಡಿ, ವಿಷಲ್ ಹೊಡೆದಾಗಲೆಲ್ಲ ಜೋಡಿಗಳು ಕೈ ಹಿಡಿದು ಎತ್ತಬೇಕು. ಹತ್ತು ನಿಮಿಷಕ್ಕೊಮ್ಮೆ ಎಣಿಸಿ. ಒಬ್ಬರು ನೀರಿಗಿಳಿಯದೆ, ಮೊಬೈಲ್ ಮುಟ್ಟದೆ ದಡದಲ್ಲಿ ನಿಂತು ನೋಡುತ್ತಲೇ ಇರಬೇಕು. ಅವರ ಕೈಯಲ್ಲಿ ಹಗ್ಗ ಇರಲಿ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದ ಹತ್ತಿರವೂ ಬಿಡಬೇಡಿ. ಅದರ ಇಳಿಜಾರು ಜಾರುತ್ತದೆ, ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಕಾಳಿಯಂಥ ನದಿಯಲ್ಲಿ ಮೇಲಿನ ಅಣೆಕಟ್ಟೆಗಳಿಂದ ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಮಟ್ಟ ಏಕಾಏಕಿ ಏರುತ್ತದೆ. ಸ್ಥಳೀಯರನ್ನು ಕೇಳದೆ ಇಳಿಯುವಂತಿಲ್ಲ.

ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಿ. ಮರದಡಿ, ಟೆಂಟ್ ಎರಡೂ ಆಸರೆಯಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬಿಡಬೇಡಿ.

ಮಲೆನಾಡಿನ ಶಿಬಿರವಾದರೆ ಮಂಗನ ಕಾಯಿಲೆಯ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡುಬಂದ ಇದು ಉಣುಗುಗಳಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಅಂದರೆ ಶಿಬಿರದ ಕಾಲವೂ ಅದೇ. ಹೋಗುವ ಕಾಡಿನ ಬಗ್ಗೆ ಅಲ್ಲಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ವಿಚಾರಿಸಿ, ಮಂಗ ಸತ್ತ ಸುದ್ದಿ ಇದ್ದರೆ ಚಾರಣ ರದ್ದು. ತರಗೆಲೆಯ ಮೇಲೆ ಕೂರಿಸಬೇಡಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಬದಲು. ಕಿವಿಯ ಹಿಂದೆ, ಸೊಂಟ, ಕಂಕುಳನ್ನು ಮಕ್ಕಳು ತಾವೇ ನೋಡಿಕೊಳ್ಳಲಿ.

ಏಕಾಂತದ ನಿಯಮ

ಯಾವ ಮಗುವಿನೊಂದಿಗೂ ಇತರರ ಕಣ್ಣಿಗೆ ಬೀಳದ ಕಡೆ ಒಬ್ಬರೇ ಇರಬೇಡಿ. ಬಟ್ಟೆ ಬದಲಿಸುವಲ್ಲಿ, ಬಚ್ಚಲ ಬಳಿ ಮೊಬೈಲ್ ಹೊರತೆಗೆಯಬೇಡಿ. ಮಕ್ಕಳ ಫೋಟೊವನ್ನು ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ. ಹೊಡೆಯುವುದು, ಬಸ್ಕಿ ಹೊಡೆಸುವುದು ಬೇಡವೇ ಬೇಡ. ಮಗುವೊಂದು ಯಾರೋ ತನ್ನನ್ನು ಮುಟ್ಟಿದರು ಎಂದು ಹೇಳಿದರೆ ಅಡ್ಡಪ್ರಶ್ನೆ ಹಾಕದೆ ಕೇಳಿ, ಅದರದೇ ಮಾತಿನಲ್ಲಿ ಬರೆದಿಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಶಿಬಿರದ ಹೆಸರು ಕೆಡುತ್ತದೆಂದು ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098 ದಿನವಿಡೀ ಇದೆ. ಆರೋಪಿ ಸಹೋದ್ಯೋಗಿಯಾಗಿರಲಿ, ನಿರ್ದೇಶಕರೇ ಆಗಿರಲಿ, ಮಗುವಿನ ಪರ ನಿಲ್ಲುವವರು ಆ ಹೊತ್ತಿಗೆ ನೀವೊಬ್ಬರೇ ಇರಬಹುದು.

ಕೊನೆಯ ದಿನ

ಅರ್ಜಿಯಲ್ಲಿ ಹೆಸರಿದ್ದವರಿಗೆ ಮಾತ್ರ ಮಗುವನ್ನು ಒಪ್ಪಿಸಿ, ಸಹಿ ಹಾಕಿಸಿಕೊಳ್ಳಿ. ‘ನಾನು ಅವರ ಮಾವ’ ಎಂದರೂ ಮನೆಗೆ ಫೋನ್ ಮಾಡಿ ಖಚಿತವಾದ ಮೇಲೆಯೇ. ಉಳಿದ ಔಷಧಿ ವಾಪಸ್ ಕೊಡಿ. ಬಿದ್ದದ್ದು, ಪೆಟ್ಟಾದದ್ದು ಇದ್ದರೆ ನೀವೇ ಮೊದಲು ಹೇಳಿ. ಮಲೆನಾಡಿನಿಂದ ಹಿಂದಿರುಗಿದ ಮಗುವಿಗೆ ಮುಂದಿನ ಹತ್ತು ದಿನದಲ್ಲಿ ಜ್ವರ, ಮೈಕೈನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಬೇಕೆಂದು ತಂದೆತಾಯಿಗೆ ಚೀಟಿಯಲ್ಲಿ ಬರೆದುಕೊಡಿ. ನಗರದ ವೈದ್ಯರಿಗೆ ಅದು ತಾನಾಗಿ ಹೊಳೆಯಲಾರದು. ಇದೇ ಎಚ್ಚರ ನಿಮಗೂ ಅನ್ವಯ.

ನಿಮ್ಮ ಪ್ರಮಾಣಪತ್ರವನ್ನು ಹೊರಡುವ ಮುನ್ನವೇ ಪಡೆಯಿರಿ. ‘ಭಾಗವಹಿಸಿದ್ದಾರೆ’ ಎಂಬ ಒಂದು ಸಾಲು ಸಾಲದು. ಎಷ್ಟು ದಿನ, ಯಾವ ವಯಸ್ಸಿನ ಎಷ್ಟು ಮಕ್ಕಳು, ರಾತ್ರಿ ಹೊಣೆ ಇತ್ತೇ, ಇವು ಅದರಲ್ಲಿ ಇರಬೇಕು. ಮುಂದೆ ಶಾಲೆಯ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ ಕೇಳುವುದು ಆ ವಿವರಗಳನ್ನೇ.